ಇಲ್ಲದ ಅಧಿಕಾರ

ಹೊಳೆನರಸೀಪುರದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿದ್ದ ಕೊಬ್ಬರಿ ಪುಡಿ ಫ್ಯಾಕ್ಟರಿಗೆ ಸೇರಿದಾಗ ಮೋಹನ್‌ಕುಮಾರನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮೊದಲು ಕಾಯಿ ಒಡೆದ, ಆಮೇಲೆ ಬಾಯ್ಲರಿಗೆ ಕರಟ ತುಂಬಿದ, ಆಮೇಲೆ ತುರಿ ಒಣಗಿಸುವ ಡ್ರೈಯರಿಗೆ ಬಂದ. ಡ್ರೈಯರಿನ ಕಬ್ಬಿಣದ ಬಾಗಿಲು ತಾಗಿ ಅವನ ಬಲಗೈ ಮೊಣಕೈಯವರೆಗೂ ಚುಕ್ಕೆಚುಕ್ಕೆಯಾಗಿ ಸುಟ್ಟಿತ್ತು. ಹೆಣ್ಣು ನೋಡಲು ಹೋದ ದಿನ ಸ್ನೇಹಲತಾಳಿಗೆ ಕಾಣಬಾರದೆಂದು ತುಂಬುತೋಳಿನ ಶರ್ಟು ಹಾಕಿಕೊಂಡು ಹೋಗಿದ್ದ.

ಫ್ಯಾಕ್ಟರಿ ಮುಚ್ಚುವುದಕ್ಕೆ ನಾಲ್ಕು ವರ್ಷ ಮುಂಚೆ ಅವನಿಗೆ ಪ್ರಮೋಷನ್ ಆಯಿತು. ಮಾಲೀಕರೇ ಕರೆದು, ‘ಇವತ್ತಿಂದ ನೀನು ಶಿಫ್ಟ್ ಇನ್‌ಚಾರ್ಜ್’ ಅಂದು ಎರಡು ಬಿಳಿ ಶರ್ಟು, ಜೇಬಿಗೆ ಸಿಕ್ಕಿಸುವ ಒಂದು ಬ್ಯಾಡ್ಜು ಕೊಟ್ಟರು. ಸಂಬಳ ಹೆಚ್ಚಾದದ್ದು ಶರ್ಟಿನ ಇಸ್ತ್ರಿಗೆ ಸಾಕಾಗುವಷ್ಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಹಾಗೆ. ಆದರೂ ಸ್ನೇಹಲತಾ ಹೋಳಿಗೆ ಮಾಡಿದಳು, ಅಣ್ಣತಮ್ಮಂದಿರನ್ನೆಲ್ಲ ಕರೆದು ಊಟ ಹಾಕಿದಳು. ಆಗ ಹೈಸ್ಕೂಲಿನಲ್ಲಿದ್ದ ಮಗಳು ಸ್ಪಂದನಾ ಶಾಲೆಯಲ್ಲಿ ತಂದೆಯ ಉದ್ಯೋಗ ಕೇಳಿದಾಗಲೆಲ್ಲ ‘ಶಿಫ್ಟ್ ಇನ್‌ಚಾರ್ಜ್’ ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದುಕೊಟ್ಟು ಬಂದಳು.

ಕೆಲಸ ಮಾತ್ರ ಅದೇ ಇತ್ತು. ಬಿಳಿ ಶರ್ಟು ಗೂಟಕ್ಕೆ ನೇತುಹಾಕಿ, ಬನಿಯನ್ನಿನಲ್ಲಿ ಸಲಿಕೆ ಹಿಡಿದು ತುರಿ ಎಳೆಯುತ್ತಿದ್ದ. ಬದಲಾದದ್ದು ಎರಡೇ. ಹಾಜರಿ, ರಜೆ, ದಂಡದ ಕಾಗದಗಳನ್ನು ಮ್ಯಾನೇಜರ್ ಟೈಪ್ ಮಾಡಿಸಿ ತಂದು ‘ಇಲ್ಲಿ ಹಾಕು’ ಅಂದಾಗ ಸಹಿ ಹಾಕಬೇಕಿತ್ತು. ಇನ್ನೊಂದು, ಅಲ್ಲಿಯವರೆಗೆ ‘ಮೋಹನಣ್ಣ’ ಅನ್ನುತ್ತಿದ್ದ ಹುಡುಗರು ‘ಸಾ’ ಅನ್ನತೊಡಗಿದರು. ಯಾರಾದರೂ ಮರೆತು ಮೋಹನಣ್ಣ ಅಂದರೆ ಅವನು ಕೇಳಿಸದವನಂತೆ ಇನ್ನೊಂದು ಕಡೆ ನೋಡುತ್ತಿದ್ದ.

ಆಮೇಲೆ ಫ್ಯಾಕ್ಟರಿ ನಿಧಾನಕ್ಕೆ ಕೆಟ್ಟಿತು. ಕಾಯಿ ಹಾಕಿದವರಿಗೆ ದುಡ್ಡು ತಡವಾಯಿತು, ಸಂಬಳ ತಡವಾಯಿತು, ಕರೆಂಟು ಹೋಯಿತು. ಒಂದು ಸೋಮವಾರ ಗೇಟಿಗೆ ಬೀಗ ಬಿದ್ದಿತ್ತು. ಆಗ ಐದು ತಿಂಗಳ ಸಂಬಳ ಬಾಕಿ. ಬ್ಯಾಂಕಿನವರು ಕೇಸು ಹಾಕಿದರು. ಕಂಪನಿಯನ್ನು ಯಾರಾದರೂ ಕೊಂಡು ನಡೆಸುತ್ತಾರೋ ಎಂದು ಬೆಂಗಳೂರಿನ ನ್ಯಾಯಮಂಡಳಿ ಒಂದು ವರ್ಷಕ್ಕೂ ಹೆಚ್ಚು ಕಾದು ನೋಡಿತು. ಯಾರೂ ಬರಲಿಲ್ಲ. ಕೊನೆಗೆ ಇದ್ದದ್ದನ್ನೆಲ್ಲ ಮಾರಿ ಬಾಕಿ ಬರಬೇಕಾದವರಿಗೆ ಹಂಚಿ ಅಂತ ಆದೇಶವಾಗಿ, ಮಾರುವುದಕ್ಕೆ ಹಂಚುವುದಕ್ಕೆ ಒಬ್ಬ ಲಿಕ್ವಿಡೇಟರನ್ನು ನೇಮಿಸಿದರು. ಗೇಟಿನ ಮೇಲೆ ನೋಟೀಸು ಬಂತು: ಯಾರಿಗೆ ಏನು ಬರಬೇಕೋ ಪುರಾವೆ ಸಮೇತ ಬರೆದುಕೊಡಿ.

ಅಷ್ಟರಲ್ಲಿ ಮೋಹನ್‌ಕುಮಾರ ಹೊಳೆನರಸೀಪುರದ ಒಂದು ಪೆಟ್ರೋಲ್ ಬಂಕಿನಲ್ಲಿ ಪೈಪು ಹಿಡಿದು ನಿಂತಿದ್ದ. ಅಲ್ಲಿ ಅವನನ್ನು ಯಾರೂ ಸಾ ಅನ್ನುತ್ತಿರಲಿಲ್ಲ, ಅಣ್ಣ ಅಂತಲೂ ಅನ್ನುತ್ತಿರಲಿಲ್ಲ. ‘ಏಯ್, ಇನ್ನೂರಕ್ಕೆ’ ಅನ್ನುತ್ತಿದ್ದರು.

ಲಿಕ್ವಿಡೇಟರ ಸಹಾಯಕ ರಜನೀಶ್ ಎಂಬುವರು ಹಾಸನದಲ್ಲಿ ಒಂದು ಸಭೆ ಕರೆದರು. ಒಂದು ಲಾಡ್ಜಿನ ಮೇಲಂತಸ್ತಿನ ಹಾಲಿನಲ್ಲಿ ಕಾಯಿ ಸಿಪ್ಪೆ ಹೆರೆಯುತ್ತಿದ್ದ ಹೆಂಗಸರು, ಬಾಯ್ಲರಿನವರು, ಲಾರಿಯವರು, ಕಾಯಿ ವ್ಯಾಪಾರಿಗಳು ಎಲ್ಲ ಸೇರಿದ್ದರು. ರಜನೀಶ್ ಒಳ್ಳೆಯವರೇ. ಕನ್ನಡದಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ‘ನೋಡಿ, ಇದು ನೀರಿನ ಸರದಿ ಇದ್ದ ಹಾಗೆ. ಮೊದಲನೇ ಕೊಡ ತುಂಬಿದ ಮೇಲೇ ಎರಡನೇದಕ್ಕೆ. ಮೊದಲು ಈ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರಿಗೆ ಮಾರಾಟದ ಆದೇಶಕ್ಕೆ ಹಿಂದಿನ ಎರಡು ವರ್ಷದೊಳಗಿನ ಬಾಕಿ, ಮತ್ತೆ ಆಸ್ತಿ ಅಡ ಇಟ್ಟುಕೊಂಡಿರೋ ಬ್ಯಾಂಕು, ಇಬ್ಬರೂ ಸಮ. ಅವರಿಗೆ ಹಂಚಿ ಮಿಕ್ಕಿದ್ರೆ ಕಾರ್ಮಿಕರಲ್ಲದ ನೌಕರರಿಗೆ, ಅದೂ ಒಂದು ವರ್ಷದ್ದು. ಇನ್ನೂ ಮಿಕ್ಕಿದ್ರೆ ಕೈಸಾಲ ಕೊಟ್ಟವರು, ಸರ್ಕಾರದ ತೆರಿಗೆ. ಆಮೇಲೆ ಮಾಲು ಹಾಕಿದವರು. ಕಟ್ಟಕಡೆಗೆ ಷೇರುದಾರರು.’

‘ಅಂದ್ರೆ ನಾನು ಬಾಲ,’ ಅಂದರು ಚನ್ನಬಸವಯ್ಯ. ಚನ್ನರಾಯಪಟ್ಟಣದ ಕಾಯಿ ಸಾಹುಕಾರರು. ಲೋಡುಗಟ್ಟಲೆ ಕಾಯಿ ಸಾಲಕ್ಕೆ ಹಾಕಿದವರು. ‘ನನ್ನ ಕಾಯಿ ಒಡೆದು ಪುಡಿ ಮಾಡಿ ಮಾರ್ಕೊಂಡ್ರು. ಆ ದುಡ್ಡಲ್ಲಿ ಕಟ್ಟಿದ ಗೋಡೆ ಮಾರಿ ಬ್ಯಾಂಕಿಗೆ ಕೊಡ್ತೀರಿ. ನಂಗೆ ಕರಟನಾದ್ರೂ ಕೊಡಿ ಸ್ವಾಮಿ, ಒಲೆಗಾಗ್ತದೆ.’

ಎಲ್ಲರೂ ನಕ್ಕರು. ಮೋಹನ್‌ಕುಮಾರನೂ ನಕ್ಕ. ತಾನು ಕಾರ್ಮಿಕ, ಎರಡನೇ ಕೊಡದವನು ಎಂದುಕೊಂಡೇ ನಕ್ಕದ್ದು. ಸಭೆ ಮುಗಿದು ಮೇಜಿನ ಹತ್ತಿರ ಹೋದಾಗ ರಜನೀಶ್ ಕಾರ್ಮಿಕರ ಪಟ್ಟಿ ನೋಡಿದರು, ಹೆಸರು ಸಿಗಲಿಲ್ಲ. ಇನ್ನೊಂದು ಹಾಳೆ ತೆಗೆದರು. ಅದರಲ್ಲಿ ನಾಲ್ಕೇ ಹೆಸರು. ಮ್ಯಾನೇಜರು, ಲ್ಯಾಬಿನಾಕೆ, ಅಕೌಂಟ್ಸಿನ ಚಂದ್ರಮೌಳಿ, ಮೋಹನ್‌ಕುಮಾರ.

‘ನೀವು ಶಿಫ್ಟ್ ಇನ್‌ಚಾರ್ಜ್ ಅಲ್ವಾ? ಮೇಲ್ವಿಚಾರಣೆ ಮಾಡೋರು, ಸಂಬಳ ಒಂದು ಮಿತಿಗಿಂತ ಹೆಚ್ಚಿದ್ರೆ ಕಾರ್ಮಿಕರು ಅಂತ ಲೆಕ್ಕಕ್ಕೆ ಬರಲ್ಲ.’

‘ನಂಗೆ ಎಷ್ಟು ಬತ್ತದೆ ಸಾ?’

ರಜನೀಶ್ ತಲೆ ತಗ್ಗಿಸಿದರು. ‘ಬ್ಯಾಂಕಿನ ಸಾಲಕ್ಕೇ ಆಸ್ತಿ ಸಾಕಾಗಲ್ಲ. ಈ ಸಾಲಿಗೆ ಬರೋದು ಕಷ್ಟ.’

ಮೋಹನ್‌ಕುಮಾರ ಶರ್ಟಿನ ತೋಳು ಮಡಿಸಿ ಸುಟ್ಟ ಕೈಯನ್ನು ಮೇಜಿನ ಮೇಲಿಟ್ಟ. ‘ಮೇಲ್ವಿಚಾರಣೆ ಮಾಡೋನ ಕೈ ಇಂಗಿರ್ತದಾ ಸಾ?’

‘ನಂಗೆ ಅರ್ಥ ಆಗುತ್ತೆ. ಆದ್ರೆ ಇದು ದಾಖಲೆ ಅಲ್ಲ,’ ಅಂದರು ಅವರು.

ಹಾಸನದಲ್ಲೇ ಯಶಸ್ವಿನಿ ಎಂಬ ವಕೀಲೆ ಕಾರ್ಮಿಕರ ಪರವಾಗಿ ಕಾಗದಪತ್ರ ನೋಡುತ್ತಿದ್ದರು. ಅವನು ಅವರ ಬಳಿ ಹೋದ. ಅವರು ಎಲ್ಲ ಕೇಳಿ, ‘ಹೆಸರು ಏನಿಟ್ಟಿದ್ರು ಅನ್ನೋದು ಮುಖ್ಯ ಅಲ್ಲ, ನಿಜವಾಗಿ ಏನು ಕೆಲಸ ಮಾಡ್ತಿದ್ರಿ ಅನ್ನೋದೇ ಮುಖ್ಯ. ನೀವು ಕಾರ್ಮಿಕ ಅಂತ ಒಪ್ಪಿಸಿದ್ರೆ ಬಾಕಿ ಸಂಬಳದ ಜೊತೆ ಫ್ಯಾಕ್ಟರಿ ಮುಚ್ಚಿದ್ದಕ್ಕೆ ಪರಿಹಾರನೂ ಸೇರುತ್ತೆ. ಎರಡೂಕಾಲು ಲಕ್ಷ ಆಗಬಹುದು,’ ಅಂದರು. ಒಪ್ಪಿಸುವುದಕ್ಕೆ ಅಡ್ಡ ಬರುವುದು ಒಂದೇ, ಅವನೇ ಹಾಕಿದ ಸಹಿಗಳು. ಅದರಲ್ಲೂ ಒಂದು. ಅರಕಲಗೂಡಿನ ಗೌರೀಶನನ್ನು ಕೆಲಸದಿಂದ ಅಮಾನತು ಮಾಡಿದ ಕಾಗದ. ಕೆಳಗೆ ‘ಶಿಫ್ಟ್ ಇನ್‌ಚಾರ್ಜ್’ ಎಂಬ ರಬ್ಬರ್ ಸ್ಟಾಂಪು, ಮೇಲೆ ಮೋಹನ್‌ಕುಮಾರನ ಅಂಕುಡೊಂಕು ಸಹಿ.

‘ಒಬ್ಬರನ್ನ ಮನೆಗೆ ಕಳಿಸೋ ಅಧಿಕಾರ ಇದ್ದೋನು ಕಾರ್ಮಿಕ ಹೇಗಾಗ್ತಾನೆ ಅಂತ ಅವರು ಕೇಳ್ತಾರೆ,’ ಅಂದರು ಯಶಸ್ವಿನಿ. ‘ಇದಕ್ಕೆ ಉತ್ತರ ಕೊಡಬಲ್ಲವನು ಆ ಗೌರೀಶನೇ. ಅಮಾನತು ಮಾಡಿದ್ದು ಮ್ಯಾನೇಜರು, ಇವರು ಬರೀ ಸಹಿ ಹಾಕಿದ್ದು, ಇವರ ಕೈಲಿ ಏನೂ ಇರಲಿಲ್ಲ ಅಂತ ಅವನೇ ಪ್ರಮಾಣಪತ್ರ ಕೊಟ್ಟರೆ ಗಟ್ಟಿಯಾಗುತ್ತೆ. ನಿಮ್ಮ ಮೇಲೆ ಅವನಿಗೆ ಪ್ರೀತಿ ಇರೋಕೆ ಕಾರಣ ಇಲ್ಲವಲ್ಲ, ಅದಕ್ಕೇ ನಂಬ್ತಾರೆ.’

ಮನೆಗೆ ಬಂದು ಹೆಂಡತಿಗೆ ಹೇಳಿದ. ಸ್ನೇಹಲತಾ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

‘ಓಗಿ ಅಂತ ಎಂಗೇಳ್ಲಿ? ಅವತ್ತು ಬಾಗ್ಲಲ್ಲಿ ನಾನೂ ನಿಂತಿದ್ದೆ. ಓಗ್ಬೇಡಿ ಅಂತ ಎಂಗೇಳ್ಲಿ? ಸ್ಪಂದನಾ ಫೀಜು ಕಟ್ಬೇಕು.’

ಅವತ್ತು ನಡೆದದ್ದು ಇಷ್ಟು. ಸಂಬಳದಲ್ಲಿ ಹಿಡಿದ ಪಿಎಫ್ ದುಡ್ಡು ಯಾಕೆ ಕಟ್ಟುತ್ತಿಲ್ಲ ಎಂದು ಗೌರೀಶ ಎಲ್ಲರ ಎದುರಿಗೆ ಮ್ಯಾನೇಜರನ್ನು ಕೇಳಿದ್ದ. ಮಾರನೇ ದಿನವೇ ಅಮಾನತಿನ ಕಾಗದ ತಯಾರಾಗಿ ಮೋಹನ್‌ಕುಮಾರನ ಮುಂದೆ ಬಂತು. ಸಂಜೆ ಗೌರೀಶ ಅವನ ಮನೆ ಹುಡುಕಿಕೊಂಡು ಬಂದ. ಒಳಗೆ ನೆಂಟರು ಊಟಕ್ಕೆ ಕೂತಿದ್ದರು. ಆಗ ಮೋಹನ್‌ಕುಮಾರ ಹೊಸಿಲ ಮೇಲೆ ನಿಂತು ಆಡಿದ ಮಾತು ಸ್ನೇಹಲತಾಳಿಗೆ ಇನ್ನೂ ಮರೆತಿರಲಿಲ್ಲ. ಮರೆತಿದ್ದೇನೆ ಅಂದುಕೊಂಡವನು ಮೋಹನ್‌ಕುಮಾರ ಒಬ್ಬನೇ.

ಅವನು ಬಂಕಿಗೆ ರಜೆ ಹೇಳಿ ಅರಕಲಗೂಡಿನ ಬಸ್ಸು ಹತ್ತಿದ. ಊರಾಚೆ ಕೊಣನೂರು ರಸ್ತೆಯಲ್ಲಿ ಶುಂಠಿ ತೊಳೆಯುವ ಜಾಗದಲ್ಲಿ ಗೌರೀಶ ಕೆಲಸ ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ಆಟೋ ಇಳಿಯುವ ಮೊದಲೇ ಶುಂಠಿಯ ಘಾಟು ಮೂಗಿಗೆ ಹೊಡೆಯಿತು. ಹೊಲದಿಂದ ಬಂದ ಮಣ್ಣು ಮೆತ್ತಿದ ಶುಂಠಿಯನ್ನು ರಾಶಿ ಹಾಕಿ, ಪೈಪಿನಲ್ಲಿ ರಭಸದಿಂದ ನೀರು ಹೊಡೆದು ತೊಳೆಯುತ್ತಿದ್ದರು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಪೈಪು ಹಿಡಿದಿದ್ದವನು ಗೌರೀಶನೇ. ಮುಖ ಒಣಗಿತ್ತು. ಇವನನ್ನು ನೋಡಿದ, ನೀರು ನಿಲ್ಲಿಸಲಿಲ್ಲ.

‘ಏನ್ ಸಾ, ಇಷ್ಟ್ ದೂರ?’

‘ಸಾ ಅನ್ಬೇಡ ಕಣ ಗೌರೀಶ.’

‘ಇನ್ನೇನನ್ಲಿ? ಅಂಗನ್ನು ಅಂತ ನೀವೇ ಕಲ್ಸಿದ್ದು.’

ಮೋಹನ್‌ಕುಮಾರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನೀರಿನ ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು. ಫ್ಯಾಕ್ಟರಿ ಹರಾಜು, ಎರಡು ಪಟ್ಟಿ, ಸಹಿ, ಪ್ರಮಾಣಪತ್ರ. ಕೂಗಿ ಹೇಳಿದ್ದರಿಂದ ಅದು ಕೋರಿಕೆಯ ಹಾಗೆ ಕೇಳದೆ ಜಗಳದ ಹಾಗೆ ಕೇಳಿತು. ಗೌರೀಶ ಪೈಪು ಬೇರೆಯವನ ಕೈಗೆ ಕೊಟ್ಟು, ಒದ್ದೆ ಕೈ ಬೆನ್ನಿಗೆ ಒರೆಸಿಕೊಂಡು, ವಕೀಲರು ಟೈಪ್ ಮಾಡಿಸಿ ಕೊಟ್ಟಿದ್ದ ಕಾಗದವನ್ನು ನಿಂತೇ ಪೂರ್ತಿ ಓದಿದ.

‘ಇದ್ರಲ್ಲಿ ಬರ್ದಿರೋದು ನಿಜ್ವಾ?’

‘ನಿಜ.’

‘ಅಂಗಾರೆ ಅವತ್ತು ನಿಮ್ ಬಾಗ್ಲಲ್ಲಿ ಏಳಿದ್ದು?’

ಮೋಹನ್‌ಕುಮಾರ ತೊಳೆದ ಶುಂಠಿಯ ರಾಶಿಯ ಕಡೆ ನೋಡಿದ.

‘ನಿಮಗ್ ಮರ್ತೋಗಿರ್ಬೇಕು. ನಂಗಿಲ್ಲ. “ಮೋಹನಣ್ಣ, ನಿನ್ ಕೈಲಿ ಏನಾದ್ರೂ ಆಯ್ತದಾ ನೋಡು, ಮನೇಲಿ ಬಸುರಿ ಅವಳೆ” ಅಂತ ನಾನು ಅಂದೆ. “ನನ್ ಶಿಫ್ಟಲ್ಲಿ ನಾನು ಏಳಿದ್ದೇ ನಡೆಯೋದು, ನಿನ್ನ ತೆಗ್ದಿದ್ದು ನಾನೇ, ಓಗು” ಅಂದ್ರಿ. ಒಳಗೆ ಉಣ್ತಿದ್ದೋರೆಲ್ಲ ಕತ್ತೆತ್ತಿ ನೋಡಿದ್ರು. ಎರಡ್ರಲ್ಲಿ ಒಂದು ಸುಳ್ಳು ಕಣ್ ಸಾ. ನಿಮ್ ಕೈಲಿ ಅಧಿಕಾರ ಇತ್ತು ಅಂದ್ರೆ ನನ್ ಅನ್ನ ಕಿತ್ಕೊಂಡೋರು ನೀವೇ, ಇದಕ್ಕೆ ನಾನ್ಯಾಕ್ ಸೈನ್ ಆಕ್ಲಿ? ಇರ್ಲಿಲ್ಲ ಅಂದ್ರೆ ಸುಮ್ಸುಮ್ನೆ ನನ್ನ ನಾಯಿ ಓಡಿಸ್ದಂಗೆ ಓಡ್ಸಿದ್ರಿ. ಯಾವ್ದು ಏಳಿ.’ ಅವನು ತಿರುಗಿ ಕೂಗಿದ, ‘ಲೇ, ಒಂದ್ ನಿಮ್ಸ ನೀರ್ ನಿಲ್ಸ್ರಲಾ!’

ನೀರು ನಿಂತಿತು. ಶುಂಠಿ ಆರಿಸುತ್ತಿದ್ದ ಹೆಂಗಸರೂ ಮೂಟೆ ಹೊಲಿಯುತ್ತಿದ್ದವರೂ ಇತ್ತ ನೋಡಿದರು.

‘ನನ್ ಕೈಲಿ ಏನೂ ಇರ್ಲಿಲ್ಲ,’ ಅಂದ ಮೋಹನ್‌ಕುಮಾರ.

‘ಕೇಳಿಸ್ಲಿಲ್ಲ.’

‘ನನ್ ಕೈಲಿ ಏನೂ ಇರ್ಲಿಲ್ಲ ಕಣಪ್ಪ. ಮ್ಯಾನೇಜರ್ ಆಕು ಅಂದ, ಆಕ್ದೆ. ನೆಂಟ್ರು ಮುಂದೆ ಇಂಗೆ ಅಂತ ಏಳಕ್ಕೆ ನಾಚ್ಕೆ ಆಯ್ತು. ಅದಕ್ಕೇ ನಾನೇ ತೆಗ್ದೆ ಅಂದೆ.’

ಗೌರೀಶ ಬೈಯುತ್ತಾನೆ ಎಂದುಕೊಂಡಿದ್ದ ಮೋಹನ್‌ಕುಮಾರ; ಬೈದಿದ್ದರೆ ಹಗುರವಾಗುತ್ತಿತ್ತು. ಗೌರೀಶ ಬೂಟು ಕಳಚಿ ಚಪ್ಪಲಿ ಮೆಟ್ಟಿಕೊಂಡು, ‘ನಡೀರಿ, ನೋಟರಿ ಊಟಕ್ಕ್ ಎದ್ದೋಗ್ತಾನೆ,’ ಅಂದ.

ಅರಕಲಗೂಡಿನ ಕೋರ್ಟಿನ ಮುಂದೆ ನೋಟರಿಯ ಮೇಜಿನ ಬಳಿ ಅವನು ಸಹಿ ಹಾಕಿದ. ಅರ್ಧ ದಿನದ ಕೂಲಿ ಹೋಗಿತ್ತು. ಕೊಡುತ್ತೇನೆ ಅಂದರೆ ಬೇಡ ಅಂದ. ಚಹಾದ ದುಡ್ಡನ್ನೂ ತನ್ನದು ತಾನೇ ಕೊಟ್ಟ. ಲೋಟ ಕೆಳಗಿಡುತ್ತಾ ಕೇಳಿದ, ‘ನಂದೂ, ಪೂರ್ತಿ ತೆಗೆಯೋಗಂಟ ಒಂದ್ ವರ್ಸ ಅಮಾನತ್ತಿನ ಅರ್ಧ ಸಂಬ್ಳ ಬರ್ಬೇಕಿತ್ತಲ್ಲ. ನಂಗೇನಾದ್ರೂ ಬತ್ತದಾ?’

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಮೋಹನ್‌ಕುಮಾರನಿಗೆ ಗೊತ್ತಿತ್ತು. ಯಶಸ್ವಿನಿಯವರನ್ನು ಮೊದಲೇ ಕೇಳಿಕೊಂಡಿದ್ದ. ‘ಎರಡು ವರ್ಸದ ಒಳಗಿಂದಾದ್ರೆ ಮುಂದಿನ ಸಾಲು. ನಿಂದು ಅದಕ್ಕಿಂತ ಅಳೇದು. ಕಾಯಿ ಸಾಹುಕಾರ್ರ ಜೊತೆ ಕೊನೇ ಸಾಲ್ಗೆ ಓಯ್ತದೆ. ಅಲ್ಲಿಗೆ ಏನೂ ಬರಕ್ಕಿಲ್ಲ.’

‘ಅಂದ್ರೆ ನನ್ನ ಬೇಗ ತೆಗ್ದುಬುಟ್ರಿ,’ ಅಂದ ಗೌರೀಶ. ‘ಇನ್ನೆರಡ್ ವರ್ಸ ತಡ್ಕೊಂಡ್ ತೆಗೀಬೇಕಿತ್ತು ನೀವು.’ ಅಷ್ಟು ಹೇಳಿ ಶುಂಠಿಯ ಕಡೆಗೆ ಹೋಗುವ ಒಂದು ಗೂಡ್ಸ್ ಆಟೋಗೆ ಕೈ ಅಡ್ಡ ಹಿಡಿದ.

ಲಿಕ್ವಿಡೇಟರು ಆ ಪ್ರಮಾಣಪತ್ರವಿದ್ದರೂ ಒಪ್ಪಲಿಲ್ಲ. ದಾಖಲೆಯಲ್ಲಿ ಇರುವುದನ್ನು ಮೀರಿ ತಾವಾಗಿ ಏನೂ ಮಾಡಲಾಗದು ಎಂದರು. ಯಶಸ್ವಿನಿ ನ್ಯಾಯಮಂಡಳಿಗೆ ಅಪೀಲು ಹಾಕಿದರು. ವಿಚಾರಣೆ ಬೆಂಗಳೂರಿನದಾದರೂ ಹಾಸನದ ಅವರ ಆಫೀಸಿನ ಕಂಪ್ಯೂಟರಿನಲ್ಲೇ ನಡೆಯಿತು. ಹಾಸನದಲ್ಲಿ ಬಿ.ಕಾಂ ಓದುತ್ತಿದ್ದ ಸ್ಪಂದನಾ ಕಾಲೇಜು ಬಿಟ್ಟು ಬಂದು ಅಪ್ಪನ ಪಕ್ಕದಲ್ಲಿ ಕೂತಿದ್ದಳು. ತೆರೆಯ ಮೇಲೆ ಇಬ್ಬರು ಸದಸ್ಯರು, ಇನ್ನೊಂದು ಚೌಕದಲ್ಲಿ ಲಿಕ್ವಿಡೇಟರ ವಕೀಲರು. ಎಲ್ಲ ಇಂಗ್ಲಿಷು. ಯಶಸ್ವಿನಿ ಒಂದೇ ಸಮನೆ ಮಾತಾಡಿದರು. ನಡುನಡುವೆ ‘ಶಿಫ್ಟ್ ಇನ್‌ಚಾರ್ಜ್’ ಎಂಬುದೂ ತನ್ನ ಹೆಸರೂ ಬಿಟ್ಟರೆ ಮೋಹನ್‌ಕುಮಾರನಿಗೆ ಏನೂ ತಿಳಿಯಲಿಲ್ಲ. ಒಂದು ಕಡೆ ಅವರು ಏನೋ ಅಂದಾಗ ಸದಸ್ಯರೊಬ್ಬರು ಸ್ವಲ್ಪ ನಕ್ಕರು. ಸ್ಪಂದನಾ ತಲೆ ಬಗ್ಗಿಸಿ ತನ್ನ ದುಪ್ಪಟ್ಟಾದ ಅಂಚು ಹಿಡಿದುಕೊಂಡಳು.

‘ಏನಂದ್ರು?’ ಎಂದು ಅವನು ಪಿಸುಗುಟ್ಟಿದ.

ಅಪ್ಪನಿಗೆ ಒಬ್ಬ ಆಳಿಗಿಂತ ಹೆಚ್ಚಿನ ಯಾವ ಬೆಲೆಯೂ ಅಲ್ಲಿ ಇರಲಿಲ್ಲ, ಆ ಹುದ್ದೆ ಎಂಬುದು ಸಂಬಳ ಹೆಚ್ಚಿಸದೆ ಸುಮ್ಮನಿರಿಸಲು ಕೊಟ್ಟ ಆಟದ ಸಾಮಾನು ಎಂದು ವಕೀಲರು ಹೇಳಿದ್ದರು. ಸ್ಪಂದನಾ ಅದನ್ನು ಮನೆಗೆ ಹೋದ ಮೇಲೆ ಅಮ್ಮನಿಗೆ ಹೇಳಿ ಅತ್ತಳು. ಆ ಹೊತ್ತಿಗೆ ಮಾತ್ರ, ‘ನಿಮ್ ಪರವಾಗೇ ಮಾತಾಡಿದ್ರು ಅಪ್ಪ,’ ಅಂದಳು. ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. ಮತ್ತೆ ಕೇಳಲಿಲ್ಲ.

ಕೇಸು ಗೆದ್ದಿತು. ಮೋಹನ್‌ಕುಮಾರ ಕಾರ್ಮಿಕನೇ ಎಂದು ಆದೇಶ ಬಂತು. ವಿಷಯ ಹಬ್ಬಿದ ಮೇಲೆ ಅಕೌಂಟ್ಸಿನ ಚಂದ್ರಮೌಳಿ ಒಂದು ದಿನ ಬಂಕಿಗೆ ಬಂದು ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡು, ‘ನೀವು ಒಂದು ಮೆಟ್ಟಿಲು ಇಳಿದು ಗೆದ್ದುಬಿಟ್ರಿ. ನಂಗೆ ಇಳಿಯೋಕೂ ಮೆಟ್ಟಿಲಿಲ್ಲ,’ ಅಂದು ಹೋದರು. ಅವರಿಗೆ ಪೈಸೆ ಬರಲಿಲ್ಲ. ಚನ್ನಬಸವಯ್ಯನವರಿಗೂ ಬರಲಿಲ್ಲ. ಫ್ಯಾಕ್ಟರಿಯ ಜಾಗವನ್ನು ಮೂರನೇ ಹರಾಜಿನಲ್ಲಿ, ಮೊದಲು ಹೇಳಿದ ಬೆಲೆಯ ಅರ್ಧಕ್ಕೆ ಯಾರೋ ಕೊಂಡರು. ಡ್ರೈಯರನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಿ ಗುಜರಿಗೆ ಸಾಗಿಸಿದರು.

ಆದೇಶವಾದ ಒಂದೂವರೆ ವರ್ಷಕ್ಕೆ ದುಡ್ಡು ಬಂತು. ರೂಪಾಯಿಗೆ ಮೂವತ್ತೊಂದು ಪೈಸೆ. ಎರಡೂಕಾಲು ಲಕ್ಷದ ಜಾಗದಲ್ಲಿ ಎಪ್ಪತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ವಕೀಲರ ಫೀಸು, ಸ್ತ್ರೀಶಕ್ತಿ ಸಂಘದಲ್ಲಿ ಸ್ನೇಹಲತಾ ಎತ್ತಿದ್ದ ಸಾಲ, ಅಷ್ಟಕ್ಕೇ ಮುಕ್ಕಾಲು ಪಾಲು ಹೋಯಿತು. ಮಿಕ್ಕಿದ್ದರಲ್ಲಿ ಐದು ಸಾವಿರವನ್ನು ಮೋಹನ್‌ಕುಮಾರ ಬೇರೆ ತೆಗೆದಿಟ್ಟ. ಸ್ನೇಹಲತಾ ಕೇಳಲಿಲ್ಲ, ಯಾರಿಗೆ ಅಂತ ಗೊತ್ತಿತ್ತು.

ಅರಕಲಗೂಡಿನಲ್ಲಿ ಆಗ ಶುಂಠಿಯ ಸುಗ್ಗಿ ಮುಗಿದಿತ್ತು. ಗೌರೀಶ ಮನೆಯ ಮುಂದೆ ಮಗನಿಗೆ ಸೈಕಲ್ಲಿನ ಚೈನು ಹಾಕಿಕೊಡುತ್ತಿದ್ದ. ಮೋಹನ್‌ಕುಮಾರ ಕವರನ್ನು ಕೊಟ್ಟ. ಬೇಡ ಅನ್ನುತ್ತಾನೆ, ತಾನು ಬಲವಂತ ಮಾಡಬೇಕಾಗುತ್ತದೆ ಎಂದು ದಾರಿಯಲ್ಲಿ ಅದಕ್ಕೆ ಬೇಕಾದ ಮಾತು ಯೋಚಿಸಿಕೊಂಡಿದ್ದ. ಗೌರೀಶ ಗ್ರೀಸಿನ ಕೈಯಲ್ಲೇ ಕವರು ತೆಗೆದುಕೊಂಡು, ಒಳಗೆ ಇಣುಕಿ ನೋಡಿ, ಅಂಗಿಯ ಜೇಬಿಗೆ ತುರುಕಿದ.

‘ಬಾಕಿ ಯಾವಾಗ?’ ಅಂದ.

‘ಏನ್ ಬಾಕಿ?’

‘ಒಂದ್ ವರ್ಸದ ಅರ್ಧ ಸಂಬ್ಳ. ಇದು ಮೂವತ್ತೊಂದ್ ಪೈಸೆ ಲೆಕ್ಕಕ್ಕೂ ಬರಕ್ಕಿಲ್ಲವಲ್ಲ ಸಾ.’

‘ಅದು ಕಂಪನಿ ಕೊಡ್ಬೇಕಿದ್ದು ಗೌರೀಶ.’

‘ಕಂಪನಿ ಎಲ್ಲದೆ ಈಗ? ನನ್ ಮುಂದೆ ನಿಂತಿರೋರು ನೀವು.’ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವವನ ಹಾಗೆ ಕೇಳಿ, ಮತ್ತೆ ಚೈನಿನ ಕಡೆಗೆ ಬಗ್ಗಿದ. ಕೂರಿ ಅನ್ನಲಿಲ್ಲ. ನೀರು ಬೇಕಾ ಅಂತಲೂ ಕೇಳಲಿಲ್ಲ.

ಮೋಹನ್‌ಕುಮಾರ ‘ನೋಡ್ತೀನಿ’ ಅಂದು ಹೊರಟ. ಬಸ್ಸಿನಲ್ಲಿ ಮೈಯೆಲ್ಲ ಉರಿಯಿತು. ಕಾನೂನಿನ ಪ್ರಕಾರ ತಾನು ಒಂದು ಪೈಸೆಯನ್ನೂ ಕೊಡಬೇಕಾಗಿರಲಿಲ್ಲ, ಮನಸ್ಸಿದ್ದು ಕೊಟ್ಟರೆ ಸಾಲ ವಸೂಲಿಗೆ ಬಂದವನಂತೆ ಕೇಳುತ್ತಾನಲ್ಲ ಎಂದು ಒಳಗೊಳಗೇ ಅವನಿಗೆ ಬೈದ. ಹೊಳೆನರಸೀಪುರ ಹತ್ತಿರವಾಗುವ ಹೊತ್ತಿಗೆ ಆ ಬೈಗುಳ ಬತ್ತಿಹೋಗಿತ್ತು. ಕೈಲಿ ಅಧಿಕಾರವಿತ್ತೋ ಇಲ್ಲವೋ, ಹೊಸಿಲ ಮೇಲೆ ನಿಂತು ಆ ಮಾತು ಆಡಿದ್ದು ಮಾತ್ರ ಮ್ಯಾನೇಜರಲ್ಲ. ಅದನ್ನು ಟೈಪ್ ಮಾಡಿಸಿ ತಂದು ಯಾರೂ ಅವನ ಬಾಯಿಗೆ ಕೊಟ್ಟಿರಲಿಲ್ಲ. ಆ ಬಾಕಿಗೆ ಯಾವ ಸಾಲೂ ಇಲ್ಲ, ಯಾವ ಲಿಕ್ವಿಡೇಟರೂ ಬಂದು ಹಂಚುವುದಿಲ್ಲ.

ಮನೆಯಲ್ಲಿ ಸ್ನೇಹಲತಾ ಮುದ್ದೆ ಬಡಿಸುತ್ತಾ, ‘ಏನಂದ?’ ಎಂದು ಕೇಳಿದಳು.

‘ಬಾಕಿ ಯಾವಾಗ ಅಂದ.’

‘ಸರ್ಯಾಗೇ ಕೇಳವ್ನೆ,’ ಅಂದು ಅವಳು ತಟ್ಟೆಗೆ ಸಾರು ಬಿಟ್ಟಳು.

ಮುಂದಿನ ತಿಂಗಳ ಸಂಬಳದಲ್ಲಿ ಐನೂರು ಕಳಿಸಬೇಕು ಎಂದು ಮೋಹನ್‌ಕುಮಾರ ಅಂದುಕೊಂಡ. ಕಳಿಸಿದ. ಅದರ ಮುಂದಿನ ತಿಂಗಳು ಸ್ಪಂದನಾಳ ಪರೀಕ್ಷೆ ಫೀಸು ಬಂತು, ಆಗಲಿಲ್ಲ. ಒಂದು ಬೆಳಿಗ್ಗೆ ಬಂಕಿನಲ್ಲಿ ಪೈಪು ಹಿಡಿದು ನಿಂತಿದ್ದಾಗ ಗೌರೀಶನ ಫೋನು ಬಂತು. ಹೆಸರು ನೋಡಿ, ತೆಗೆಯಲೋ ಬೇಡವೋ ಎಂದು ಅವನು ಯೋಚಿಸುತ್ತಿರುವಷ್ಟರಲ್ಲೇ ಕಾರಿನವನೊಬ್ಬ ಹಾರನ್ ಹೊಡೆದ.